ಗಾಳಿ ಹೊತ್ತೊಯ್ದ ದಿಬ್ಬ

ಬೆಳಕು ಹರಿಯಲು ಇನ್ನೂ ಹತ್ತು ನಿಮಿಷವಿದೆ. ಬಿರುಕುಬಿಟ್ಟ ಬಿಳಿ ಜೇಡಿಯ ಬಯಲಲ್ಲಿ ಆಕೆ ಬೋರಲು ಮಲಗಿದ್ದಾರೆ. ಕ್ಯಾಮೆರಾಕ್ಕೆ ಹಳೆಯ ದಿಂಬಿನ ಚೀಲದ ಹೊದಿಕೆ. ಎದುರಿಗೆ, ಸತ್ತು ಎಷ್ಟೋ ಕಾಲವಾದರೂ ನೆಟ್ಟಗೆ ನಿಂತ ಕಪ್ಪು ಮರಗಳು. ಅವುಗಳ ಹಿಂದಿನ ಮರಳುಗುಡ್ಡಕ್ಕೆ ಬಿಸಿಲು ತಾಗಿದ್ದೇ ತಡ, ಅದು ಆಗಷ್ಟೇ ಬಣ್ಣ ಬಳಿದ ಗೋಡೆಯಂತೆ ಕೆಂಪಗಾಗುತ್ತದೆ. ಆರೇ ನಿಮಿಷ, ಆಮೇಲೆ ಎಲ್ಲ ಮಾಮೂಲು.

"ಆಯ್ತೇನೇ? ಸೂರ್ಯ ನಾಳೇನೂ ಬರ್ತಾನೆ!" ಜೀಪಿನಿಂದ ಅಕ್ಕನ ಕೂಗು.

ಐವತ್ತಾರರ ತಂಗಿ ಛಾಯಾಗ್ರಾಹಕಿ, ಅರವತ್ತೊಂದರ ಅಕ್ಕ ಚಾಲಕಿ. ಮೊದಲು ತಂಗಿ ಬಸ್ ನಿಲ್ದಾಣದ ಪಕ್ಕದ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುತ್ತಿದ್ದರು. "ಹದಿನೇಳು ವರ್ಷ 'ಗದ್ದ ಎತ್ತಿ, ನಗಬೇಡಿ' ಅಂತ ಹೇಳಿ ಹೇಳಿ ಸಾಕಾಗಿತ್ತು. ಮರಳಿಗೆ ಏನೂ ಹೇಳೋದೇ ಬೇಡ ನೋಡಿ." ಈಗ ವಾರಕ್ಕೆ ಐದು ದಿನ ಮರುಭೂಮಿ. ದಿನಕ್ಕೆ ಎಂಟು ಕಿಲೋಮೀಟರ್ ನಡಿಗೆ, ಇನ್ನೂರು ಚಿತ್ರ; ಉಳಿಸಿಕೊಳ್ಳುವುದು ಎರಡೋ ಮೂರೋ. ಮರಳು ಹೊಕ್ಕು ಮೂರು ಲೆನ್ಸ್ ಕೆಟ್ಟಿವೆ, ಎಡ ಮಂಡಿ ಸವೆದಿದೆ. ಚಿತ್ರಗಳೇನೋ ಕ್ಯಾಲೆಂಡರುಗಳಲ್ಲಿ, ದಂತವೈದ್ಯರ ಗೋಡೆಗಳಲ್ಲಿ ತೂಗುತ್ತವೆ. ಹೆಸರು ಮಾತ್ರ ಎಲ್ಲೂ ಇಲ್ಲ.

ಹೋದ ವರ್ಷ ಒಂದು ಸ್ಪರ್ಧೆಗೆ, ಅಲೆಯಂತೆ ಬಾಗಿ ನಿಂತ ದಿಬ್ಬದ ಚಿತ್ರ ಕಳಿಸಿದ್ದರು. ಒಂದೇ ಸಾಲಿನ ಉತ್ತರ ಬಂತು: ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಚಿತ್ರಗಳಿಗೆ ಪ್ರವೇಶವಿಲ್ಲ. ತಂಗಿ ಎರಡು ವಾರ ಕ್ಯಾಮೆರಾ ಮುಟ್ಟಲಿಲ್ಲ. ಅಕ್ಕ ಸುಮ್ಮನಿರುವ ಪೈಕಿಯಲ್ಲ. ತೀರ್ಪುಗಾರರಿಗೆ ಫೋನು ಮಾಡಿ, "ನೀವೇ ಬಂದು ಕಣ್ಣಾರೆ ನೋಡಿ, ಜೀಪು ನಂದು" ಎಂದು ಪಟ್ಟು ಹಿಡಿದರು. ಆತ ಬಂದೇಬಿಟ್ಟರು. ಹೋಗಿ ನೋಡಿದರೆ ದಿಬ್ಬವೇ ಇಲ್ಲ! ನಾಲ್ಕು ತಿಂಗಳ ಗಾಳಿ ಅದನ್ನು ಹೊತ್ತೊಯ್ದಿತ್ತು.

"ಭೂಮಿ ಬಾಯ್ಬಿಟ್ಟು ನುಂಗಬಾರದಾ ಅನ್ನಿಸ್ತು," ಎನ್ನುತ್ತಾರೆ ತಂಗಿ.

ಅಕ್ಕ ಬಿಡಲಿಲ್ಲ. ಮರುದಿನ ಬೆಳಕು ಹರಿಯುವ ಮೊದಲೇ ತೀರ್ಪುಗಾರರನ್ನು ಈ ಬಿಳಿ ಬಯಲಿಗೆ ಕರೆತಂದರು. ಗುಡ್ಡ ಕೆಂಪಗಾಯಿತು. ಆತ ತಮ್ಮ ಮೊಬೈಲಿನಲ್ಲೇ ಒಂದು ಫೋಟೋ ತೆಗೆದು, ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತರು. "ನಾನೇ ತೆಗೆದಿದ್ದು, ನನಗೇ ನಂಬಿಕೆ ಬರ್ತಿಲ್ಲ. ತಪ್ಪಾಯ್ತಮ್ಮ," ಎಂದರು. ಬಹುಮಾನ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು.

ಬೇಜಾರಿಲ್ಲವೇ ಎಂದರೆ ತಂಗಿ ಲೆನ್ಸಿನ ಧೂಳನ್ನು ಕುಂಚದಿಂದ ಸವರುತ್ತಾ ಹೇಳುತ್ತಾರೆ:

"ನನ್ನ ಹೆಸರು ಹಾಕದಿದ್ರೂ ಪರವಾಗಿಲ್ಲ. ಚಿತ್ರದ ಕೆಳಗೆ 'ಇದು ಇದ್ದ ಹಾಗೇ ತೆಗೆದದ್ದು' ಅಂತ ಒಂದು ಸಾಲು ಹಾಕ್ಲಿ. ಅಷ್ಟು ಸಾಕು ನಂಗೆ."