ಹುಳದ ಮನೆಯ ಖಾತೆಗೆ ನೀಲಿ ಟಿಕ್ಕು

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಒಬ್ಬರು ನನ್ನನ್ನು ದನಿಯಿಂದಲೇ ಗುರುತು ಹಿಡಿದರು. ನಾನು ನಮ್ಮ ಗೂಡು ಸುರಿದಿದ್ದ ಲಾಟಿನ ಮುಂದೆ ನಿಂತು ಅಪ್ಪನ ಹತ್ತಿರ ಏನೋ ಹೇಳುತ್ತಿದ್ದೆ. ಪಕ್ಕದ ಸಾಲಿನಿಂದ ಬಂದ ಆ ರೈತ ಮಾಗಡಿ ಕಡೆಯವರು, ಅಪ್ಪನ ವಯಸ್ಸಿನವರು. ನನ್ನ ಮಾತು ಮುಗಿಯುವವರೆಗೂ ಸುಮ್ಮನೆ ಕೇಳಿಸಿಕೊಂಡು, ಆಮೇಲೆ ಎದುರಿಗೆ ಬಂದು ನಿಂತರು.

"ಏನವ್ವಾ, ಫೋನ್ನಾಗೆ ಹುಳದ್ ವಿಸ್ಯ ಮಾತಾಡೋಳು ನೀನೇ ಅಲ್ವಾ?"

ನನಗೆ ಒಳಗೊಳಗೇ ಖುಷಿಯಾಯಿತು. ನಮ್ಮೂರಿನ ಆಚೆಗೂ ನನ್ನ ದನಿ ಹೋಗಿದೆಯಲ್ಲ ಅಂದುಕೊಂಡೆ. "ಹೂನಣ್ಣ, ನಾನೇ" ಎಂದೆ.

"ಹಂಗಾರೆ ಬಾ ಇಲ್ಲಿ. ನೀ ಕೊಟ್ಟ ಪೌಡ್ರು ನಮ್ ಹುಳಕ್ಕೆ ಏನ್ ಮಾಡೈತೆ ನೋಡು ಬಾ."

ಅವರ ಲಾಟಿನಲ್ಲಿ ಗೂಡು ತಳಕ್ಕೆ ಅಂಟಿದಷ್ಟೇ ಇತ್ತು. ಒಂದನ್ನು ಎತ್ತಿ ಒತ್ತಿ ನೋಡಿದೆ. ಬೆರಳು ಒಳಗೇ ಹೋಯಿತು. ಅರ್ಧಕ್ಕರ್ಧ ಹುಳು ಗೂಡು ಕಟ್ಟುವ ಮೊದಲೇ ಸತ್ತಿದ್ದವಂತೆ. ಪಕ್ಕದಲ್ಲಿ ಅವರ ಹೆಂಡತಿ ಖಾಲಿ ಚೀಲ ಮಡಿಸುತ್ತಾ ಕೂತಿದ್ದರು, ತಲೆ ಎತ್ತಲಿಲ್ಲ.

"ನಾನು ಯಾವ ಪೌಡರೂ ಮಾರಲ್ಲ ಕಣಣ್ಣ."

"ದನಿ ನಿಂದು, ಕೈ ನಿಂದು. ಮಾರಿದ್ದು ಯಾರು, ನಿನ್ ದೆವ್ವಾನಾ?"

ಸುತ್ತ ನಿಂತಿದ್ದವರು ನಕ್ಕರು. ಆತ ತಮ್ಮ ಹೆಂಡತಿಯ ಕೈಯಿಂದ ಫೋನು ಇಸಿದುಕೊಂಡು ನನ್ನ ಮುಖದ ಮುಂದೆ ಹಿಡಿದರು. ನನ್ನ ಖಾತೆಯ ಹೆಸರೇ. ನಾನು ಹಾಕಿದ್ದ ಹಿಪ್ಪುನೇರಳೆ ಎಲೆಯ ಚಿತ್ರವೇ. ನನ್ನ ವಿಡಿಯೊಗಳೇ, ಒಂದರ ಕೆಳಗೊಂದು. ಆದರೆ ಕೆಳಗಿದ್ದ ಫೋನ್ ನಂಬರು ನನ್ನದಲ್ಲ. ಗೂಡು ದಪ್ಪ ಬರುತ್ತದೆ, ನಾಲ್ಕನೇ ಜ್ವರ ಎದ್ದ ಮೇಲೆ ಹುಳದ ಮೇಲೆ ಉದುರಿಸಿ ಅಂತ ಯಾವನೋ ನನ್ನ ಕೈ ತೋರಿಸಿ ಪುಡಿ ಮಾರುತ್ತಿದ್ದ. ಹುಳು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಹುಳು ಎಂದರೆ ಆ ಬೆಳೆಯ ಅಷ್ಟೂ ಕಷ್ಟ ತಿಂದು ಬೆಳೆದ ಹುಳು.

"ಇದು ನಂದಲ್ಲಣ್ಣ, ಯಾರೋ ಕದ್ದವ್ರೆ" ಎಂದೆ.

"ಎಲ್ಲಾರೂ ಹಂಗೇ ಅನ್ನೋದು" ಎಂದು ಅವರು ತಿರುಗಿ ಹೋದರು.

ಈ ಖಾತೆ ಹೇಗೆ ಶುರುವಾಯಿತೆಂದು ಇಲ್ಲಿ ಹೇಳಬೇಕು. ಕೂಟಗಲ್ ಕಡೆಯ ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಅಪ್ಪ ನಡುವೆಯೇ ಬಿಟ್ಟವರು. ನಾನು ಬಿಎಸ್ಸಿಯಲ್ಲಿ ರೇಷ್ಮೆ ಓದಿದೆ. ಮನೆಯಲ್ಲಿ ಹುಟ್ಟಿದಾಗಿನಿಂದ ನೋಡಿದ್ದನ್ನೇ ಪುಸ್ತಕದಲ್ಲಿ ಓದಿ ಪಾಸು ಮಾಡುವುದಕ್ಕೆ ಬಸ್ಸು ಹಿಡಿದು ಹೋಗುತ್ತೀಯಲ್ಲ ಎಂದು ಊರಿನವರು ಆಡಿಕೊಂಡರು. ಆದರೆ ಹುಳಕ್ಕೆ ಹಾಲುತೊಂಡೆ ರೋಗ ಯಾಕೆ ಬರುತ್ತದೆ, ಸುಣ್ಣದ ಪುಡಿ ಯಾಕೆ ಹಾಕುತ್ತೇವೆ ಅನ್ನುವುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಕಬೇಕು, ಹಾಕುತ್ತೇವೆ, ಅಷ್ಟೇ. ಆ 'ಯಾಕೆ'ಯನ್ನು ನಾನು ಓದಿ ತಂದೆ. ಅದನ್ನು ನಮ್ಮ ಮಾತಿನಲ್ಲೇ ಸಣ್ಣ ಸಣ್ಣ ವಿಡಿಯೊ ಮಾಡಿ ಹಾಕತೊಡಗಿದೆ.

ತೊಡಕು ಬಂದದ್ದು ಅವ್ವನಿಂದ. ನಮ್ಮಲ್ಲಿ ಹುಳದ ಮನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ. ಬಂದವರ ಕಾಲಿನಲ್ಲಿ ರೋಗ ಬರುತ್ತದೆ ಅನ್ನುವುದು ಪುಸ್ತಕದ ಮಾತು. ಅವ್ವನ ಲೆಕ್ಕದಲ್ಲಿ ರೋಗ ಬರುವುದು ಕಣ್ಣಿನಿಂದ. ಒಬ್ಬರ ಕಣ್ಣಿಗೇ ಬಾಗಿಲು ಹಾಕುವವಳು ಊರಿಗೆಲ್ಲ ತೋರಿಸುತ್ತಾಳೆಯೆ? ಕೊನೆಗೆ ಒಂದು ರಾಜಿಯಾಯಿತು. ಒಂದಿಷ್ಟು ಹುಳುವನ್ನು ತಟ್ಟೆಯಲ್ಲಿ ಜಗಲಿಗೆ ತಂದು ತೋರಿಸಬಹುದು. ಮನೆ ತೋರಿಸಬಾರದು, ನನ್ನ ಮುಖ ತೋರಿಸಬಾರದು. ಹಾಗಾಗಿ ಎಲ್ಲ ವಿಡಿಯೊಗಳಲ್ಲೂ ನನ್ನ ಎರಡು ಕೈ ಮತ್ತು ದನಿ ಮಾತ್ರ. ಮುಖವಿಲ್ಲದ ಖಾತೆಯನ್ನು ಕದಿಯುವುದು ಸುಲಭ ಎಂದು ಆಗ ನನಗೆ ಹೊಳೆದಿರಲಿಲ್ಲ.

ವಿಡಿಯೊ ಹಾಕುವ ಆ್ಯಪಿನ ಕಂಪನಿಗೆ ದೂರು ಕೊಟ್ಟೆ. ನಿಮ್ಮ ದೂರು ಪರಿಶೀಲಿಸಿದೆವು, ಆ ಖಾತೆಯಲ್ಲಿ ತಪ್ಪೇನೂ ಕಾಣಲಿಲ್ಲ ಎಂದು ಉತ್ತರ ಬಂತು. ಚನ್ನಪಟ್ಟಣದ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಕಾಲೇಜು ಗೆಳತಿಯ ಹತ್ತಿರ ಹೋಗಿ ಕೂತೆ.

"ನೀಲಿ ಟಿಕ್ಕು ತಗೊಳೇ" ಎಂದಳು. "ತಿಂಗ್ಳಾ ತಿಂಗ್ಳಾ ದುಡ್ಡು ಕಟ್ಬೇಕು. ಆಧಾರ್ ತೋರಿಸ್ಬೇಕು, ಮುಖ ತೋರಿಸ್ಬೇಕು. ನೀನು ನೀನೇ ಅಂತ ಅವ್ರೇ ಒಪ್ಕೊಂಡು ಹೆಸರಿನ ಪಕ್ಕ ಒಂದು ಟಿಕ್ ಹಾಕ್ತಾರೆ."

"ನಾನು ನಾನೇ ಅಂತ ನಾನೇ ದುಡ್ಡು ಕೊಟ್ಟು ಹೇಳಿಸ್ಬೇಕಾ?"

"ಹಂಗಾರೆ ಕಳ್ಳನೇ ನೀನಾಗಿರ್ಲಿ ಬಿಡು."

ನಗು ಬಂತು, ಆದರೆ ನನಗೆ ಇದು ಹೊಸದೇನಲ್ಲ. ಕಾಲೇಜು ಸೇರುವಾಗ, ವಿದ್ಯಾರ್ಥಿ ವೇತನಕ್ಕೆ, ಹಾಸ್ಟೆಲ್ಲಿಗೆ, ಪ್ರತಿ ಸಲವೂ ಹಸಿರು ಇಂಕಿನಲ್ಲಿ ಸಹಿ ಹಾಕುವ ಒಬ್ಬ ಅಧಿಕಾರಿಯನ್ನು ಹುಡುಕಿಕೊಂಡು ತಿರುಗಿದ್ದೇನೆ. ಬೇರೆಯವರ ಮನೆಯಲ್ಲಿ ಅಂಥ ಚಿಕ್ಕಪ್ಪನೋ ಮಾವನೋ ಇರುತ್ತಿದ್ದರು. ನಮ್ಮ ಮನೆಯಲ್ಲಿ ಯಾರಿದ್ದರು? ಆಸ್ಪತ್ರೆಯ ಡಾಕ್ಟರ ಮುಂದೆ ರೋಗಿಗಳ ಸಾಲಿನಲ್ಲಿ ನಿಂತು ಅಂಕಪಟ್ಟಿಗೆ ಸಹಿ ಹಾಕಿಸಿಕೊಂಡಿದ್ದೇನೆ. ಅವರು ನನ್ನ ಮುಖವನ್ನೂ ನೋಡದೆ, ಇದು ಅಸಲಿನ ನಕಲು ಎಂದು ಬರೆದುಕೊಡುತ್ತಿದ್ದರು. ಈ ಟಿಕ್ಕಿನ ಕಂಪನಿಯವರು ಮುಖ ನೋಡಿಯಾದರೂ ಹೇಳುತ್ತಾರಲ್ಲ ಅನ್ನಿಸಿತು.

ಮುಖ ತೋರಿಸಬೇಕಲ್ಲ, ಅವ್ವನಿಗೆ ಹೇಳದೆ ಆಗುವುದಿಲ್ಲ. ಮಾರುಕಟ್ಟೆಯಲ್ಲಿ ಆದದ್ದನ್ನೆಲ್ಲ ಹೇಳಿದೆ. ಕಳ್ಳನ ವಿಷಯ ಅವಳ ಕಿವಿಗೆ ಬೀಳಲೇ ಇಲ್ಲ.

"ಹುಳ ಸತ್ತೋದ್ವಾ? ನಾಕ್ನೇ ಜ್ವರ ಎದ್ ಮ್ಯಾಲಾ?"

"ಹೂನವ್ವಾ."

"ನಿನ್ ದನಿ ಕೇಳ್ಕಂಡು?"

ಅವ್ವ ಸೊಪ್ಪು ಕತ್ತರಿಸುತ್ತಿದ್ದ ಕುಡುಗೋಲು ಕೆಳಗಿಟ್ಟಳು. "ಮೊಕ ತೋರ್ಸು ಮಗಾ. ಎಲ್ಲಾರ್ಗೂ ತೋರ್ಸು. ದೃಷ್ಟಿ ನಾನ್ ತಗೀತೀನಿ" ಎಂದಳು.

ಈಗ ಖಾತೆಗೆ ಎಲೆಯ ಬದಲು ಯಾವ ಫೋಟೊ ಹಾಕುವುದು? ನಾನು ಯೋಚನೆಯನ್ನೇ ಮಾಡಲಿಲ್ಲ. ನಮ್ಮ ನಡುಮನೆಯ ಗೋಡೆಯ ಮೇಲೆ ದೇವರ ಪಟಗಳ ಸಾಲಿನಲ್ಲೇ ಅಪ್ಪ ಮೊಳೆ ಹೊಡೆದು ನೇತು ಹಾಕಿದ ಒಂದು ಫೋಟೊ ಇದೆ. ಡಿಗ್ರಿ ಮುಗಿದಾಗ ಸ್ಟುಡಿಯೊದವರೇ ಕರಿ ಗೌನು, ತಲೆಗೆ ಟೋಪಿ ಕೊಟ್ಟು ತೆಗೆದದ್ದು. ಮನೆಗೆ ಯಾರೇ ಬಂದರೂ ಅಪ್ಪ ಮೊದಲು ಅತ್ತ ಕೈ ತೋರಿಸುತ್ತಾರೆ. ಅದನ್ನೇ ಹಾಕಿದೆ. ಆಮೇಲೆ ಫೋನು ಹೇಳಿದಂತೆ ಎಡಕ್ಕೆ ತಿರುಗಿದೆ, ಬಲಕ್ಕೆ ತಿರುಗಿದೆ, ಮೇಲೆ ನೋಡಿದೆ.

ಆಗುವುದಿಲ್ಲ ಎಂದು ಬಂತು. ಖಾತೆಯ ಫೋಟೊದಲ್ಲಿರುವವರಿಗೂ ನಿಮಗೂ ಹೋಲಿಕೆಯಿಲ್ಲ.

ಗೆಳತಿ ಆ ಫೋಟೊವನ್ನು ದೊಡ್ಡದು ಮಾಡಿ ನೋಡಿ ಬಿದ್ದು ಬಿದ್ದು ನಕ್ಕಳು. "ಅಲ್ಲ ಕಣೇ, ಯಾರೇ ಇವ್ಳು? ನಿನ್ ಗಲ್ಲದ ಮಚ್ಚೆ ಎಲ್ಲಿ? ಸ್ಟುಡಿಯೊದವ್ನು ಒಂದು ಡಬ್ಬ ಪೌಡ್ರು ಸುರ್ದವ್ನಲ್ಲೇ!"

ನಾನೂ ಹತ್ತಿರದಿಂದ ನೋಡಿದೆ. ಇಷ್ಟು ವರ್ಷ ದೂರದಿಂದಲೇ ನೋಡಿ ಹೆಮ್ಮೆಪಟ್ಟಿದ್ದೆ. ಬಣ್ಣ ತಿಳಿ ಮಾಡಿ, ಮಚ್ಚೆ ಅಳಿಸಿ, ಹಿಂದೆ ನಾನು ಕಾಲೇ ಇಡದ ಯಾವುದೋ ದೊಡ್ಡ ಕಟ್ಟಡ ತಂದು ನಿಲ್ಲಿಸಿದ್ದರು. ಪದವಿ ಪಡೆದವಳು ಹೀಗಿರಬೇಕು ಅಂತ ಅವರಿಗೊಂದು ಲೆಕ್ಕ. ಆ ಲೆಕ್ಕಕ್ಕೆ ನನ್ನನ್ನು ತಿದ್ದಿದ್ದರು. ನಾವು ಮನೆಮಂದಿಯೆಲ್ಲ ಒಪ್ಪಿ ಗೋಡೆಗೆ ಹಾಕಿಕೊಂಡಿದ್ದೆವು. ಬೇಜಾರಾಯಿತು ಅಂದರೆ ಸುಳ್ಳಲ್ಲ. ಆ ಡಿಗ್ರಿ ತಿದ್ದಿದ್ದಲ್ಲ. ಅದು ನಾನು ಓದಿ, ಬಸ್ಸಿನಲ್ಲಿ ನಿಂತು, ಸೊಪ್ಪು ಕೊಯ್ದು, ಪಾಸು ಮಾಡಿದ್ದು. ಅದರ ಪಕ್ಕ ನನ್ನ ಮುಖವೂ ಇದ್ದಿದ್ದರೆ ಏನು ಹೋಗುತ್ತಿತ್ತು?

ಮನೆಗೆ ಬಂದು ಹುಳದ ಮನೆಯ ಬಾಗಿಲ ಮುಂದೆ ನಿಂತೆ. ಸೊಪ್ಪಿನ ಕೆಲಸಕ್ಕೆ ಕಟ್ಟಿಕೊಳ್ಳುವ ಬಟ್ಟೆ ತಲೆಯ ಮೇಲಿತ್ತು. ಅವ್ವ ಎರಡೂ ಕೈಯಲ್ಲಿ ಫೋನು ಹಿಡಿದು, ಉಸಿರು ಬಿಗಿಹಿಡಿದು ಒತ್ತಿದಳು. ಫೋಟೊದ ಮೂಲೆಯಲ್ಲಿ ಅವಳ ಹೆಬ್ಬೆರಳೂ ಬಂತು. ಕಂಪನಿಯವರು ಅದನ್ನು ಒಪ್ಪಿದರು.

ಟಿಕ್ಕು ಬಂದದ್ದು ನಾನು ಸೊಪ್ಪು ಹಾಕುತ್ತಿದ್ದಾಗ. ಕೈ ತೊಳೆದು ಬಂದು ನೋಡಿದರೆ ಹೆಸರಿನ ಪಕ್ಕದಲ್ಲಿ ಸಾಸಿವೆಯಷ್ಟು ನೀಲಿ. ಅಪ್ಪ ಕನ್ನಡಕ ಹಾಕಿಕೊಂಡು ನೋಡಿ, "ಇದು ಸರ್ಕಾರದ್ದಾ?" ಎಂದು ಕೇಳಿದರು. ಅಲ್ಲ ಎಂದೆ. "ಪರವಾಗಿಲ್ಲ, ಬಂತಲ್ಲ" ಎಂದರು. ಅಂಗಡಿ ಬೀದಿಯವರೆಗೂ ಹೋಗಿ ಹೇಳಿ ಬಂದರೆಂದು ಆಮೇಲೆ ತಿಳಿಯಿತು.

ಆದರೆ ನನ್ನ ಗೆಲುವು ಒಂದು ವಾರವೂ ಬಾಳಲಿಲ್ಲ. ಕಳ್ಳ ತನ್ನ ಖಾತೆಯ ಎಲೆಯ ಚಿತ್ರದ ಮೇಲೆ ನೀಲಿ ಗುರುತೊಂದನ್ನು ಬರೆದುಕೊಂಡ. ಫೋನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರೂ ನಮ್ಮ ಜನಕ್ಕೆ ಎರಡು ನೀಲಿಯೂ ಒಂದೇ. ನಾನು ಓಡಾಡಿ ಪಡೆದದ್ದನ್ನು ಅವನು ಬಣ್ಣ ಬಳಿದು ಪಡೆದಿದ್ದ.

ಆಗ ಮಾಡಿದ ವಿಡಿಯೊವೇ ನಾನು ಮುಖ ತೋರಿಸಿ ಮಾತಾಡಿದ ಮೊದಲನೆಯದು. "ನಾನೇನೂ ಮಾರಲ್ಲ. ನನ್ನ ಹೆಸರಲ್ಲಿ ಪುಡಿ ತಗೊಂಡು ಕೆಟ್ಟವ್ರು ಯಾರಾದ್ರೂ ಇದ್ರೆ ನಮ್ಮೂರಿಗೆ ಬನ್ನಿ, ನಮ್ಮ ಹುಳ ನೋಡಿ" ಎಂದು ಊರಿನ ಹೆಸರು, ಬರುವ ದಾರಿ ಎಲ್ಲ ಹೇಳಿಬಿಟ್ಟೆ. ಮಾರುಕಟ್ಟೆಯಲ್ಲಿ ಸಿಕ್ಕ ಆ ಗಂಡ ಹೆಂಡತಿ ಬರಲಿ ಎಂಬುದೊಂದೇ ನನ್ನ ಮನಸ್ಸಿನಲ್ಲಿದ್ದದ್ದು. ಹೇಳುವ ಮೊದಲು ಅವ್ವನನ್ನು ಕೇಳಿರಲಿಲ್ಲ.

ಅವರು ಬಂದರು. ಗಂಡ ಮುಂದೆ, ಹೆಂಡತಿ ಹಿಂದೆ. ಅವ್ವ ಹುಳದ ಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದಳು. ಆಮೇಲೆ ಆತನ ಹತ್ತಿರ ಹೋಗಿ ಮೂಗು ಅರಳಿಸಿದಳು.

"ಬೀಡಿ ಸೇದೀರಾ?"

"ಬಸ್ಸು ಇಳ್ದಾಗ ಒಂದು..."

"ನೀವ್ ಆಚೇನೇ ಕೂತ್ಕಳಿ. ಹುಳಕ್ಕೆ ಆಗಾಕಿಲ್ಲ. ನೀನ್ ಬಾರವ್ವಾ, ಕಾಲ್ ತೊಳ್ಕ."

ಬಾಗಿಲ ಬಳಿಯ ಸುಣ್ಣದ ನೀರಿನಲ್ಲಿ ಆಕೆ ಕಾಲು ಅದ್ದಿ ಒಳಗೆ ಬಂದರು. ನಾನು ನೋಡಿದಂತೆ ನಮ್ಮ ಹುಳದ ಮನೆಯೊಳಗೆ ಬಂದ ಮೊದಲ ಹೊರಗಿನವರು ಅವರು. ಹುಳ ಹಾಸಿದ ಸ್ಟ್ಯಾಂಡಿನ ಉದ್ದಕ್ಕೂ ನಡೆದು, ಒಂದು ಹುಳುವನ್ನು ಅಂಗೈ ಮೇಲೆ ಬಿಟ್ಟುಕೊಂಡು ಬೆಳಕಿಗೆ ಹಿಡಿದರು.

"ನಮ್ಮನೇವ್ರು ಆ ಪುಡಿ ಬ್ಯಾಡ ಅಂದ್ರು ಕಣವ್ವ" ಎಂದರು ಅವ್ವನ ಕಡೆ ತಿರುಗಿ, ಮೆಲ್ಲಗೆ. "ನಾನೇ ತರ್ಸ್ದೆ. ಫೋನ್ನಾಗೆ ಆ ಹುಡ್ಗಿ ಯೋಳ್ದಂಗೆ ಮಾಡಿ ಎಲ್ಡು ಬೆಳೆ ಚೆಂದಾಗ್ ಬಂದಿತ್ತು. ಅವ್ಳೇ ಯೋಳ್ತಾವ್ಳಲ್ಲಾ ಅಂತ ನಂಬ್ದೆ. ಈಗ ಮನೇಲಿ ನಾನು ಸುಣ್ಣ ಇಷ್ಟಾಕ್ಬೇಕು ಅಂದ್ರೂ, ಯಾವ್ ಫೋನ್ ನೋಡ್ದೆ ಅಂತಾರೆ."

ನನ್ನ ಹೆಸರು ಕೆಟ್ಟಿತು, ಹೆಸರು ಉಳಿಸಿಕೊಳ್ಳಬೇಕು ಎಂದೇ ನಾನು ಇಷ್ಟು ದಿನ ಓಡಾಡಿದ್ದೆ. ಹೋದದ್ದು ಈಕೆಯ ಮಾತಿನ ಬೆಲೆ, ಅದೂ ಆಕೆಯ ಮನೆಯಲ್ಲಿಯೇ.

ಹೊರಗೆ ಬಂದು ಜಗಲಿಯ ಮೇಲೆ ಕೂತಿದ್ದ ಆತನಿಗೆ ಹೇಳಿದೆ: "ಅಣ್ಣ, ಅಕ್ಕ ನಂಬಿದ್ದು ನನ್ನನ್ನ. ಅದ್ರಲ್ಲಿ ಅವ್ರದೇನೂ ತಪ್ಪಿಲ್ಲ. ಕೆಡಿಸಿದ್ದು ಕಳ್ಳ."

ಆತ ಕಾಫಿ ಲೋಟ ತಿರುಗಿಸುತ್ತಾ ಕೂತರು. ಅವ್ವ ತಡೆಯಲಾರದೆ ನಡುವೆ ಬಾಯಿ ಹಾಕಿದಳು. "ನೀವ್ ಬೀಡಿ ಸೇದ್ಕಂಡು ಹುಳದ್ ಮನೇಗ್ ಹೋಯ್ತೀರಲ್ಲ, ಅದ್ನ ಯಾವ್ ಫೋನ್ ನೋಡಿ ಕಲ್ತ್ರಿ?"

ಆತನಿಗೆ ನಗು ತಡೆಯಲಾಗಲಿಲ್ಲ. ಹೆಂಡತಿಯ ಕಡೆ ತಿರುಗಿ, "ಏನಂತೀಯಾ, ಇದೇ ಹುಡ್ಗೀನಾ?" ಎಂದರು.

"ಇದೇ" ಎಂದರು ಆಕೆ.

"ಸರಿ ಬುಡು ಮತ್ತೆ."

ಆಕೆ ಫೋನು ತೆಗೆದು ನನ್ನ ಪಕ್ಕ ಕೂತರು. ಎರಡೂ ಖಾತೆಗಳನ್ನು ತೆಗೆದು ತೋರಿಸಿದೆ. "ನೀಲೀದು ಎಲ್ಡ್ರಾಗೂ ಐತಲ್ಲ" ಎಂದರು. ಒತ್ತಿ ನೋಡಿ ಎಂದೆ. ನನ್ನದನ್ನು ಒತ್ತಿದಾಗ, ಈ ಖಾತೆಯವರು ಇವರೇ ಎಂದು ಬರಹ ತೆರೆದುಕೊಂಡಿತು. ಕಳ್ಳನದನ್ನು ಒತ್ತಿದರೆ ಬರೀ ಎಲೆ ದೊಡ್ಡದಾಯಿತು. ನಂಬಿಕೆಯಾಗಲು ಇನ್ನೊಂದು ಸಲ ಎರಡನ್ನೂ ಒತ್ತಿ ನೋಡಿದರು.

ಅವರ ಫೋನಿನಿಂದ ಕಳ್ಳನ ಖಾತೆಯನ್ನು ತೆಗೆದುಹಾಕಲು ನಾನು ಕೈ ಚಾಚಿದೆ. ಆಕೆ ಫೋನನ್ನು ತಮ್ಮ ಕಡೆಗೆ ಎಳೆದುಕೊಂಡರು. "ಇರು, ನಾನೇ ತಗೀತೀನಿ. ಎಲ್ಲೊತ್ತಬೇಕು ಯೋಳು."

ಹೇಳಿದೆ. ಪರದೆಯ ಮೇಲೆ ಜ್ವರಕ್ಕೆ ಕೂತ ಹುಳದ ಮೇಲೆ ಸುಣ್ಣ ಉದುರಿಸುತ್ತಿದ್ದ ನನ್ನದೇ ಕೈಗಳು ಓಡಾಡುತ್ತಿದ್ದವು. ಆ ವಿಡಿಯೊ ಮುಗಿಯುವವರೆಗೂ ನೋಡಿ, ಆಮೇಲೆ ಒತ್ತಿದರು.