ಸಿದ್ದಮಲ್ಲಪ್ಪನ ಮೊದಲ ಹಾರಾಟ

ಹೆಸರಿನ ಜೊತೆ ಎರಡು ಅಕ್ಷರ ಹೊತ್ತು ಬದುಕುವವರು ನಾವು. ಊರಿನದೊಂದು, ಅಪ್ಪನದೊಂದು. ಅಷ್ಟನ್ನು ಅರ್ಥ ಮಾಡಿಕೊಳ್ಳಲಾಗದ ಫಾರಂಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಗ್ರಹಾರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷದಿಂದ ಅಂಥವನ್ನೇ ತುಂಬುತ್ತಿದ್ದೇನೆ.

ನನ್ನ ಅಕ್ಕನ ಮಗಳು ಬಿಂದುಶ್ರೀ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾಳೆ. ರಜೆಗಳನ್ನೆಲ್ಲ ಸುರಿದು ವಿಮಾನ ಹಾರಿಸುವುದು ಕಲಿತಳು. ಎರಡು ಸೀಟಿನ ಪುಟ್ಟ ವಿಮಾನದಲ್ಲಿ ನೂರಿಪ್ಪತ್ತು ಗಂಟೆ ಹಾರಿದ್ದಾಳೆ. ಹೆಣ್ಣುಮಗಳಿಗೆ ಯಾಕಿದು ಎಂದ ನೆಂಟರಿಗೆ ಅವಳು ಉತ್ತರ ಕೊಡಲಿಲ್ಲ. ನಾನು ಕೊಟ್ಟೆ, ಆಮೇಲೆ ಎರಡು ಮದುವೆಗಳಿಗೆ ಕರೆಯೇ ಬರಲಿಲ್ಲ.

ಈ ಬೇಸಗೆಯಲ್ಲಿ ಮೂರು ವಾರ ನ್ಯೂಜಿಲೆಂಡಿಗೆ ಹೋದಳು. ನಮ್ಮ ದೇಶದ ಪೈಲಟ್ ಲೈಸೆನ್ಸನ್ನು ಅಲ್ಲಿಯ ವಿಮಾನಯಾನ ಕಚೇರಿಯವರು ಒಪ್ಪಿ ಪತ್ರ ಕೊಟ್ಟರೆ, ಅಲ್ಲಿನ ಬೆಟ್ಟಗಳ ಮೇಲೆ ತಾನೇ ಪೈಲಟ್ ಆಗಿ ಹಾರಬಹುದು. ಅವಳು ಆಸೆಪಟ್ಟಿದ್ದು ಅದೊಂದಕ್ಕೇ.

ಒಪ್ಪಲಿಲ್ಲ. ಲೈಸೆನ್ಸಿನಲ್ಲಿ ‘ಬಿಂದುಶ್ರೀ ಎಂ.ಎಸ್.’ ಎಂದಿದೆ. ಪಾಸ್‌ಪೋರ್ಟಿನಲ್ಲಿ ಹೆಸರು ಬಿಂದುಶ್ರೀ, ಸರ್‌ನೇಮ್ ಮೂಗೂರು ಸಿದ್ದಮಲ್ಲಪ್ಪ. ಇಬ್ಬರೂ ಒಬ್ಬಳೇ ಎನ್ನುವುದಕ್ಕೆ ದಾಖಲೆ ಕೇಳಿದರು. ಅವಳು ಅಲ್ಲಿಂದಲೇ ನನಗೆ ಫೋನ್ ಮಾಡಿದಳು.

“ಮಾವ, ನನ್ ಪಾಸ್‌ಪೋರ್ಟ್ ಫಾರಂ ತುಂಬಿದ್ದು ಯಾರು?”

“ನಾನೇ ಕಣಮ್ಮ. ಸರ್‌ನೇಮ್ ಕೇಳಿತ್ತು, ಇನಿಷಿಯಲ್ ಬಿಡಿಸಿ ಹಾಕ್ಬುಟ್ಟೆ. ಎಲ್ರಿಗೂ ಅಂಗೇ ಹಾಕೋದು.”

“ನನ್ನನ್ನ ಒಂದ್ಮಾತು ಕೇಳ್ಬೋದಿತ್ತು.”

ಅಂದೇ ಅಫಿಡವಿಟ್ ಮಾಡಿಸಿ, ನೋಟರಿಯ ಮುದ್ರೆ ಹಾಕಿಸಿ ಕಳಿಸಿದೆ. ಪರಿಶೀಲಿಸುತ್ತಿದ್ದೇವೆ ಎಂದರು. ಅದೇನು ಪರಿಶೀಲಿಸಿದರೋ, ಅವರ ಮನೆ ಹಾಳಾಗ. ಕೊನೆಯ ದಿನ ಅವಳು ಒಂದು ಕ್ಲಬ್ಬಿನಲ್ಲಿ ಪ್ರವಾಸಿಗರ ಸಾಲಿನಲ್ಲಿ ನಿಂತು, ಪಾಸ್‌ಪೋರ್ಟ್ ತೋರಿಸಿ ಹೆಸರು ಬರೆಸಿ, ಅವರ ಪೈಲಟ್ ಪಕ್ಕ ಕೂತು ಒಂದು ಸುತ್ತು ಬಂದಳು. ಲೈಸೆನ್ಸ್ ಒಪ್ಪಿದ್ದೇವೆಂಬ ಮೇಲ್ ಬಂದಾಗ ಅವಳು ಬೆಂಗಳೂರಿನಲ್ಲಿ ಇಳಿದಿದ್ದಳು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ಮರುದಿನ ಅಪ್ಪನ ಜೊತೆ ಅಂಗಡಿಗೆ ಬಂದು, ಬಣ್ಣದ ಅಂಚಿನ ಕಾಗದವೊಂದನ್ನು ನನ್ನ ಮೇಜಿನ ಮೇಲಿಟ್ಟಳು. ಮೊದಲ ಸಲ ಪುಟ್ಟ ವಿಮಾನ ಹತ್ತಿದ ಪ್ರವಾಸಿಗರಿಗೆ ಆ ಕ್ಲಬ್ಬಿನವರು ಕೊಡುವ ಪ್ರಮಾಣಪತ್ರವಂತೆ. ‘ಮಿಸ್ಟರ್ ಮೂಗೂರು ಸಿದ್ದಮಲ್ಲಪ್ಪ, ಮೊದಲ ಹಾರಾಟ’ ಎಂದು ಅಚ್ಚಾಗಿತ್ತು.

ಭಾವ ಕನ್ನಡಕ ಏರಿಸಿ ತಮ್ಮ ಹೆಸರನ್ನು ಓದಿದರು. ವಿಮಾನದ ಮೆಟ್ಟಿಲನ್ನೂ ತುಳಿಯದ ಮನುಷ್ಯ. ನಗಲು ಹೋದವರು ಮಗಳ ಮುಖ ನೋಡಿ ಕಾಗದವನ್ನು ಮೇಜಿನ ಮೇಲೆ ವಾಪಸಿಟ್ಟರು.

ನನಗೆ ತಡೆಯಲಾಗಲಿಲ್ಲ. ಆ ಕ್ಲಬ್ಬನ್ನೂ ಕಚೇರಿಯನ್ನೂ ಸೇರಿಸಿ, ರಸ್ತೆಯವರೆಲ್ಲ ತಿರುಗಿ ನೋಡುವಂತೆ ಬೈದೆ. ನೂರಿಪ್ಪತ್ತು ಗಂಟೆ ಹಾರಿದವಳಿಗೆ ಮೊದಲ ಹಾರಾಟವೇ, ಹೆಂಗಸು ಯಾರು ಗಂಡಸು ಯಾರು ಎಂದು ನೋಡಲು ಕಣ್ಣಿರಲಿಲ್ಲವೇ ಎಂದು ಕೂಗಾಡಿದೆ.

ಬಿಂದುಶ್ರೀ ನಾನು ಮುಗಿಸುವವರೆಗೂ ಕಾದಳು.

“ಅವ್ರನ್ನ ಯಾಕೆ ಬೈತೀರ ಮಾವ,” ಎಂದಳು. “ನೀವು ಬರ್ದಿದ್ದನ್ನೇ ಅವ್ರು ಓದಿದ್ದು.”