ಕಾಣದವಳ ಅಡುಗೆಮನೆ

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ದೆವ್ವದ ಕಥೆ ನೋಡುವ ಅಭ್ಯಾಸ ನಮ್ಮ ಮನೆಗೆ ಬಂದದ್ದು ನಮ್ಮತ್ತೆಯಿಂದ. ವಾರಕ್ಕೊಂದು ಹೊಸ ಕಥೆ ತೋರಿಸುವ ಕಾರ್ಯಕ್ರಮ ಅದು. ಅತ್ತೆಗೆ ಎಳ್ಳಷ್ಟೂ ಹೆದರಿಕೆಯಿಲ್ಲ. ಮಡಿಲಲ್ಲಿ ಮೊರವಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಾ, ತೆರೆಯ ಮೇಲೆ ಯಾರದಾದರೂ ಕತ್ತು ಹಿಂದುಮುಂದಾಗಿ ತಿರುಗಿದರೆ, "ಬರೀ ಸುಳ್ಳು. ಆದ್ರೂ ಚೆನ್ನಾಗ್ ಮಾಡಿದಾನೆ" ಅನ್ನುತ್ತಿದ್ದರು. ನಾನು ಯಲಹಂಕದ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಅವರ ಪಕ್ಕದಲ್ಲಿ ಕೂತು ಮಕ್ಕಳ ಟೆಸ್ಟ್ ಪೇಪರ್ ತಿದ್ದುತ್ತಾ ಒಂದು ಕಣ್ಣನ್ನು ಟೀವಿಯ ಮೇಲಿಟ್ಟಿರುತ್ತಿದ್ದೆ. ನನ್ನ ಗಂಡ ಒಳಗಿನ ಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದರು.

ಆ ಭಾನುವಾರದ ಕಥೆಯಲ್ಲಿ ಒಬ್ಬಳು ಬಟ್ಟೆ ಹೊಲಿಯುವ ಹೆಂಗಸು. ಮಿಷನ್ ತುಳಿಯುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ಮೈ ತಣ್ಣಗಾಗುತ್ತದೆ, ಬಾಯಲ್ಲಿ ಪಾಚಿಯ ರುಚಿ ಬರುತ್ತದೆ, ಕಣ್ಣೆದುರು ಕತ್ತಲೆಯ ಸಿಮೆಂಟ್ ಗೋಡೆ ಬಂದು ನಿಲ್ಲುತ್ತದೆ. ಎಲ್ಲೋ ಒಂದು ಕಡೆ, ಇವಳು ಕಂಡು ಕೇಳದ ಒಬ್ಬಳನ್ನು ನೀರಿನ ಸಂಪಿನೊಳಗೆ ಕೂಡಿಹಾಕಿದ್ದಾರೆ. ಅವಳಿಗಾಗುವುದೆಲ್ಲ ಇವಳಿಗೂ ಆಗುತ್ತಿದೆ. ಯಾರೂ ನಂಬುವುದಿಲ್ಲ. ಕೊನೆಗೆ ಇವಳೇ ಹುಡುಕಿಕೊಂಡು ಹೋಗಿ ಸಂಪಿನ ಮುಚ್ಚಳ ಎತ್ತುವಷ್ಟರಲ್ಲಿ ಒಳಗಿದ್ದವಳ ಉಸಿರು ನಿಂತುಹೋಗುತ್ತದೆ. ಆ ಕ್ಷಣವೇ ಇವಳೂ, ಸುಡುವ ಬಿಸಿಲಿನಲ್ಲಿ, ಒಣನೆಲದ ಮೇಲೆ ನಿಂತಲ್ಲೇ ಮುಳುಗಿ ಸಾಯುತ್ತಾಳೆ. ಬಾಯಿಂದ ನೀರು ಸುರಿಯುತ್ತದೆ. ಅದರ ಹಿಂದೆಯೇ ಬಟ್ಟೆ ಸೋಪಿನ ಜಾಹೀರಾತು.

"ಪಾಪ, ಇವಳೇನ್ ಮಾಡಿದ್ಲು?" ಅಂದರು ಅತ್ತೆ.

ನನ್ನ ಕೆಂಪು ಪೆನ್ನು ಯಾವುದೋ ಮಗುವಿನ ಲೆಕ್ಕದ ಮೇಲೆ ಊರಿ ನಿಂತಿತ್ತು. ಚುಕ್ಕೆ ದೊಡ್ಡದಾಗುತ್ತಾ ಹೋಗುತ್ತಿತ್ತು. ಆ ಹೆಂಗಸಿಗೆ ಆಗುತ್ತಿದ್ದುದು ಹೆಚ್ಚುಕಡಿಮೆ ನನಗೂ ಆಗುತ್ತಿತ್ತು.

ಅದು ಶುರುವಾದದ್ದು ಹಿಂದಿನ ಮಳೆಗಾಲದಲ್ಲಿ. ಹೊಟ್ಟೆಯ ತಳದಿಂದ ಏನೋ ಮೇಲೆದ್ದು ಎದೆಗೆ ಬರುತ್ತದೆ, ಜೈಂಟ್ ವ್ಹೀಲ್ ಕೆಳಗಿಳಿಯುವಾಗ ಆಗುತ್ತದಲ್ಲ, ಹಾಗೆ. ಆಮೇಲೆ ವಾಸನೆ. ನೀರು ಹಾಕಲು ಮರೆತ ಕುಕ್ಕರಿನ ಗ್ಯಾಸ್ಕೆಟ್ ಸುಟ್ಟಂಥ ವಾಸನೆ. ಮೂಗಿಗೆ ಅದು ತಾಗಿದ ಮೇಲೆ ನಾನು ನಿಂತ ಜಾಗ ನನ್ನದಲ್ಲ ಅನ್ನಿಸುತ್ತದೆ. ಇಕ್ಕಟ್ಟಾದ ಒಂದು ಅಡುಗೆಮನೆ, ಎದುರಿಗೆ ಗೋಡೆ, ಎತ್ತರದಲ್ಲೊಂದು ಸಣ್ಣ ಕಿಟಕಿ. ಇದು ನನಗೆ ಚೆನ್ನಾಗಿ ಗೊತ್ತು, ಇಲ್ಲಿ ಈಗ ಏನೋ ಆಗಲಿದೆ ಎಂಬ ದಿಗಿಲು. ಅಷ್ಟರಲ್ಲಿ ಮತ್ತೆ ನಾನು ನನ್ನ ತರಗತಿಯಲ್ಲಿ, ಕೈಯಲ್ಲಿ ಸೀಮೆಸುಣ್ಣ, ಮಕ್ಕಳು ಮುಸಿಮುಸಿ ನಗುತ್ತಿರುತ್ತಿದ್ದರು. "ಮಿಸ್ ಬಬಲ್ ಗಮ್ ತಿಂತಾರೆ" ಎಂದು ಹಿಂದಿನ ಬೆಂಚಿನಲ್ಲಿ ಒಂದು ದಿನ ಕೇಳಿಸಿತು. ಯಾಕೆ ಹಾಗಂದರೋ ಆಗ ತಿಳಿಯಲಿಲ್ಲ. ನಿದ್ದೆ ಸಾಲದು, ಗ್ಯಾಸ್ಟ್ರಿಕ್ ಇರಬೇಕು, ಅಂದುಕೊಂಡು ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೂ ಏನನ್ನು?

ಈಗ ಟೀವಿ ಅದಕ್ಕೊಂದು ಅರ್ಥ ಕೊಟ್ಟುಬಿಟ್ಟಿತು. ಕಥೆ ಸುಳ್ಳೆಂದು ಗೊತ್ತು. ನಾನು ಗಣಿತದವಳು, ಶನಿವಾರ ನಿಂಬೆಹಣ್ಣು ತುಳಿದರೂ ಲೆಕ್ಕಿಸುವವಳಲ್ಲ. ಆದರೂ ಆ ಸಂಜೆ ಅಡುಗೆಮನೆಗೆ ಹೋಗಿ ಸ್ಟೋವ್ ಹಚ್ಚುವ ಮುಂಚೆ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡೆ. ಆ ವಾಸನೆ, ಆ ಕಿಟಕಿ, ಅದೆಲ್ಲ ಯಾರದು? ಸಂಪಿನವಳ ಹಾಗೆ ಎಲ್ಲೋ ಒಬ್ಬಳು ನಿಜವಾಗಿ ಇದ್ದು, ಅವಳ ಸೆರಗಿಗೆ ಬೆಂಕಿ ತಗುಲಿದರೆ ನನಗೇನಾಗುತ್ತದೆ?

ಆಮೇಲಿನ ವಾರಗಳಲ್ಲಿ ಬೆಳಗ್ಗೆ ಪೇಪರ್ ಬಂದ ಕೂಡಲೇ ಒಳಪುಟ ತೆರೆದು ಸಿಲಿಂಡರ್ ಸ್ಫೋಟ, ಗೃಹಿಣಿ ಸಾವು ಇತ್ಯಾದಿ ಹುಡುಕುತ್ತಿದ್ದೆ. ಇಲ್ಲದಿದ್ದರೆ ನಿರಾಳ, ಹತ್ತು ಗಂಟೆಯ ಹೊತ್ತಿಗೆ ಮತ್ತೆ ಆತಂಕ. ನೈಲಾನ್ ಸೀರೆಗಳನ್ನೆಲ್ಲ ಬೀರುವಿನ ಮೇಲ್ಗಡೆ ಕಟ್ಟಿಟ್ಟೆ. ಒಲೆಯ ಪಕ್ಕ ಒಂದು ಬಕೆಟ್ ನೀರು ತುಂಬಿಸಿಡಲು ಶುರುಮಾಡಿದೆ.

"ಇಲ್ಯಾಕಮ್ಮ ಬಕೆಟ್ಟು? ಎಡವಿ ಬೀಳ್ತೀನಿ ನಾನು," ಅಂದರು ಅತ್ತೆ.

"ಇರ್ಲಿ ಬಿಡಿ."

"ಇರ್ಲಿ ಬಿಡಿ, ಇರ್ಲಿ ಬಿಡಿ. ಈ ಮನೇಲಿ ಯಾರಿಗೂ ಏನೂ ಹೇಳೋ ಹಾಗಿಲ್ಲ," ಎಂದು ಅವರು ಬಕೆಟ್ಟನ್ನು ಕಾಲಿನಿಂದಲೇ ಪಕ್ಕಕ್ಕೆ ತಳ್ಳಿದರು. ನಮ್ಮಿಬ್ಬರ ನಡುವೆ ಸುಮಾರು ಒಂದು ವರ್ಷದಿಂದ ಮಾತು ಹೀಗೇ ಮೊಟಕಾಗಿತ್ತು. ಕಾರಣ ನನಗೆ ಗೊತ್ತಿರಲಿಲ್ಲ.

ಅದೇ ಹೊತ್ತಿಗೆ ನಾವು ಮನೆ ಬದಲಿಸಬೇಕಾಗಿ ಬಂತು. ಅಲ್ಲಾಳಸಂದ್ರದ ಕೆರೆಯ ಹತ್ತಿರ ನಾವಿದ್ದ ಹಳೆಯ ಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವುದೆಂದು ಮಾಲೀಕರು ಹೇಳಿದ್ದರು. ಗಂಡನಿಗೆ ಹೆಬ್ಬಾಳದ ಆಫೀಸಿನಿಂದ ಬಿಡುವಿಲ್ಲ. ಶಾಲೆ ಮುಗಿಸಿಕೊಂಡು ಸ್ಕೂಟರಿನಲ್ಲಿ ಬೋರ್ಡು ನೋಡುತ್ತಾ ಸುತ್ತುವ ಕೆಲಸ ನನ್ನದಾಯಿತು. ಹಾಗೆ ಸುತ್ತುತ್ತಾ ಒಂದು ಮಧ್ಯಾಹ್ನ ಅಮೃತಹಳ್ಳಿಯ ಒಳರಸ್ತೆಯೊಂದರಲ್ಲಿ 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ಕಂಡು ಸ್ಕೂಟರ್ ನಿಲ್ಲಿಸಿದೆ.

ಮೂರು ಅಂತಸ್ತಿನ ಕಟ್ಟಡ. ಕೆಳಗಡೆ ಮನೆಯೊಡತಿ, ಮೇಲೆಲ್ಲ ಬಾಡಿಗೆಯವರು. ಆಕೆ ಆ ಹಳ್ಳಿಯ ಹಳೇ ಬೇಸಾಯದ ಮನೆತನದವರು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬೀಗದಕೈ ಗೊಂಚಲು ಜಣಜಣ ಅನ್ನುತ್ತಾ ನನ್ನ ಮುಂದೆ ಮೆಟ್ಟಿಲೇರಿದರು.

"ನೀರು ಯಾವಾಗ್ಲೂ ಬತ್ತದೆ ಕಣವ್ವ. ಗಾಳಿ ಬೆಳಕೆಲ್ಲ ಚೆನ್ನಾಗೈತೆ. ಅಡ್ಗೆಮನೆ ಒಂದೀಟು ಚಿಕ್ದು, ಅಷ್ಟೇಯ."

"ಮುಂಚೆ ಯಾರಿದ್ರು ಇಲ್ಲಿ?"

"ಒಂದ್ ಉಡ್ಗಿ ಇದ್ಲು. ಒಬ್ಳೇ. ಖಾಲಿ ಮಾಡ್ಕೊಂಡು ಒಂಟೋದ್ಲು."

"ಎಲ್ಲಿಗೆ ಹೋದ್ರು?"

"ಯಾಕವ್ವ?" ಎಂದು ಆಕೆ ತಿರುಗಿ ನೋಡಿದರು. ಆದರೆ ಅಷ್ಟರಲ್ಲಿ ನಾನು ಅಡುಗೆಮನೆಯ ಬಾಗಿಲಿಗೆ ಬಂದಿದ್ದೆ.

ಎದುರಿಗೆ ಮಾಸಲು ಹಸಿರು ಗೋಡೆ. ಎತ್ತರದಲ್ಲಿ ಸಣ್ಣ ಕಿಟಕಿ. ಕಲ್ಲಿನ ಕಟ್ಟೆಯ ಮೇಲೆ ಒಲೆಯಿದ್ದ ಜಾಗದಲ್ಲಿ ಕಪ್ಪು ಕಲೆ. ಅದೇ ಇದು. ಬೇರೆ ಯಾವುದೂ ಅಲ್ಲ. ಅವಳು ಇಲ್ಲೇ ನಿಂತಿದ್ದಳು, ಈಗ ಅವಳಿಲ್ಲ. ಹೊಟ್ಟೆಯೊಳಗೆ ಜೈಂಟ್ ವ್ಹೀಲ್ ಇಳಿಯಿತು. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ನುಗ್ಗಿತು. ಓಡಬೇಕು ಅಂದುಕೊಂಡದ್ದು ನೆನಪಿದೆ.

ಆಮೇಲೆ ನೆನಪಿರುವುದು, ನಾನು ಆ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದೇನೆ. ನನ್ನ ಬಲಗೈ ಮುಷ್ಟಿಯಲ್ಲಿ ಮನೆಯೊಡತಿಯ ಬೀಗದಕೈ ಗೊಂಚಲು. ಆಕೆ ಅದನ್ನು ತಮ್ಮ ಎರಡೂ ಕೈಗಳಿಂದ ಒತ್ತಿಹಿಡಿದಿದ್ದಾರೆ. ಆಕೆಯ ಮುಖದ ಮೇಲೆ ಬೆವರು.

"ಬಂದ್ಯಾ? ಮಾತಾಡವ್ವ, ಎಸ್ರೇನು ನಿಂದು?"

ನನ್ನ ಹೆಸರು ಹೇಳಲು ನನಗೆ ಸ್ವಲ್ಪ ಹೊತ್ತೇ ಹಿಡಿಯಿತು.

"ನಾನ್ ಕೂಗ್ತಾನೇ ಇವ್ನಿ, ನೀನು ಗ್ವಾಡೆ ನೋಡ್ಕೊಂಡು ನಿಂತ್ಬುಟ್ಟಿದೀಯ. ಬಾಯಿ ಇಂಗೆ ಇಂಗೆ ಆಡಿಸ್ತಾ, ಏನೋ ಅಗೀತಾ ಇದ್ದಂಗೆ. ಸೆರಗು ಇಡ್ಕೊಂಡು ಎಳ್ದು ಎಳ್ದು ಬಿಡ್ತಿದ್ದೆ. ಫಿಟ್ಸೇನೋ ಅಂತ ಕಬ್ಬಿಣ ಕೊಟ್ಟೆ. ನಂಗಂತೂ ಕೈಕಾಲೇ ಆಡ್ಲಿಲ್ಲ ಕಣವ್ವ."

ಅಗಿಯುತ್ತಾ ಇದ್ದಂಗೆ. ಮಕ್ಕಳು ಹೇಳಿದ ಬಬಲ್ ಗಮ್ ಆಗ ಅರ್ಥವಾಯಿತು. ನಾನು ಅಲ್ಲಿ ಒಂದೆರಡು ಕ್ಷಣ ಇಲ್ಲವಾಗುತ್ತೇನೆ ಅಂದುಕೊಂಡಿದ್ದೆ. ಆದರೆ ಆ ಹೊತ್ತಿನಲ್ಲಿ ನನ್ನ ಮೈ ನನ್ನನ್ನು ಕೇಳದೆ ಏನೇನೋ ಮಾಡುತ್ತಿತ್ತು, ಬೇರೆಯವರು ಅದನ್ನು ನೋಡುತ್ತಿದ್ದರು. ಟೀವಿಯ ಕಥೆಗಿಂತ ಇದು ಹೆಚ್ಚು ಹೆದರಿಸಿತು.

ಆಕೆ ನನ್ನ ಫೋನಿನಿಂದಲೇ ನನ್ನ ಗಂಡನಿಗೆ ಕರೆ ಮಾಡಿದರು. ಅವರು ಆಟೋ ಹಿಡಿದು ಬಂದರು. ದಾರಿಯಲ್ಲಿ ಅವರಿಗೆ ಎಲ್ಲ ಹೇಳಿದೆ, ಸಂಪಿನ ಕಥೆಯಿಂದ ಬಕೆಟ್ಟಿನವರೆಗೆ. ಅವರು ಬೈಯಲಿಲ್ಲ, ನಗಲೂ ಇಲ್ಲ. "ಇಷ್ಟು ದಿನ ಇದನ್ನಿಟ್ಕೊಂಡು ಸ್ಕೂಟರ್ ಓಡಿಸ್ತಿದ್ಯಾ?" ಎಂದಷ್ಟೇ ಕೇಳಿ, ನನ್ನ ಕೈಯಿಂದ ಸ್ಕೂಟರ್ ಕೀ ತೆಗೆದುಕೊಂಡು ತಮ್ಮ ಜೇಬಿಗೆ ಹಾಕಿಕೊಂಡರು.

ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರು ಸಿಕ್ಕರು. ನನ್ನ ವಯಸ್ಸಿನವರೇ ಇರಬೇಕು. ತಲೆಗೆ ವೈರುಗಳನ್ನು ಅಂಟಿಸಿ ನೋಡಿದ್ದು, ಸ್ಕ್ಯಾನ್ ಮಾಡಿದ್ದು ಎಲ್ಲ ಆದ ಮೇಲೆ ನಮ್ಮನ್ನು ಕೂರಿಸಿಕೊಂಡು ಹೇಳಿದರು.

"ಇದೂ ಒಂಥರಾ ಫಿಟ್ಸೇ. ಬಿದ್ದು ಒದ್ದಾಡಿದ್ರೆ ಮಾತ್ರ ಫಿಟ್ಸು ಅಂತೇನಿಲ್ಲ. ಇಲ್ಲಿ, ಕಿವಿ ಹತ್ರ ಒಳಗಡೆ, ಸಣ್ಣದೊಂದು ಕಿಡಿ ಏಳತ್ತೆ. ಸುಟ್ಟ ವಾಸನೆ, ಹೊಟ್ಟೆಯಿಂದ ಏನೋ ಮೇಲೆ ಬಂದ ಹಾಗಾಗೋದು, ಮುಂಚೆ ನೋಡಿದೀನಿ ಅನ್ಸೋದು, ದಿಗಿಲು, ಎಲ್ಲಾ ಅಲ್ಲಿಂದಾನೇ. ಮಾತ್ರೆಗೆ ಬಗ್ಗತ್ತೆ. ಅಂದಹಾಗೆ ಕಬ್ಬಿಣದಿಂದೇನೂ ಆಗಲ್ಲ, ಅದು ತಾನಾಗೇ ನಿಲ್ಲತ್ತೆ."

"ಆದ್ರೆ ಆ ಅಡುಗೆಮನೆ ನಿಜವಾಗ್ಲೂ ಇತ್ತು ಡಾಕ್ಟ್ರೇ. ಹಸಿರು ಗೋಡೆ."

"ಅಡುಗೆಮನೆ ಇತ್ತು, ಸರಿ. ನೀವು ಅದನ್ನ ಮುಂಚೆ ನೋಡಿದ್ರಾ? ಅಥವಾ ಅಲ್ಲಿ ನಿಂತಾಗ ಮುಂಚೆ ನೋಡಿದೀನಿ ಅಂತ ಅನ್ನಿಸ್ತಾ?"

ಅಮೃತಹಳ್ಳಿಗೆ ಹೋಗುವ ಮುಂಚೆ ಆ ಗೋಡೆ ನನ್ನ ತಲೆಯಲ್ಲಿ ಹಸಿರಾಗಿತ್ತೇ? ಇತ್ತು ಎಂದು ನನಗೆ ಆಣೆಯಿಡುವಷ್ಟು ಖಾತ್ರಿ. ಆ ಖಾತ್ರಿಯೇ ರೋಗ, ಅನ್ನುತ್ತಿದ್ದಾರೆ ಇವರು.

ಮನೆಗೆ ಬಂದು ಗಂಡ ಅತ್ತೆಗೆ ವಿವರಿಸಿದರು. ಮಾತಿನ ಮಧ್ಯೆ ಕರೆದರೆ ಓಗೊಡುವುದಿಲ್ಲ, ಗೋಡೆ ನೋಡುತ್ತಾಳೆ, ಬಾಯಿ ಆಡಿಸುತ್ತಾಳೆ, ಎಂದೆಲ್ಲ. ಅತ್ತೆ ಎದ್ದು ದೇವರ ಮನೆಗೆ ಹೋದರು, ಹೋದ ಹಾಗೇ ವಾಪಸ್ ಬಂದು ನನ್ನ ಮುಂದೆ ನಿಂತರು.

"ನಾನು ಕೂಗಿದ್ರೂ ನೀನು ತಿರುಗಿ ನೋಡ್ತಿರ್ಲಿಲ್ಲ. ಹೋದ ಗೌರಿ ಹಬ್ಬದಲ್ಲಿ, ನನ್ನ ತಂಗಿ ಎದುರಿಗೆ, ನಾನೇನೋ ಕೇಳಿದ್ರೆ ಗೋಡೆ ಕಡೆ ಮುಖ ಮಾಡ್ಕೊಂಡು ಬಾಯಿ ಸೊಟ್ಟ ಮಾಡಿದೆ. ಅಣಕಿಸ್ತಿದೀಯ ಅಂತ ತಿಳ್ಕೊಂಡೆ ಕಣೇ. ಸೊಕ್ಕು ಇವಳಿಗೆ ಅಂತ. ಇವನ ಹತ್ರಾನೂ ಹೇಳಿಲ್ಲ ನಾನು, ಜಗಳ ಬೇಡ ಅಂತ ನುಂಗ್ಕೊಂಡೆ."

ಗೌರಿ ಹಬ್ಬದ್ದು ನನಗೆ ನೆನಪೇ ಇರಲಿಲ್ಲ. ಒಂದು ವರ್ಷ ನನ್ನನ್ನು ಕಂಡರೆ ಮುಖ ಬಿಗಿದುಕೊಂಡಿದ್ದಕ್ಕೆ ಕಾರಣ ಅದು. ನಾನಿಲ್ಲದ ಹೊತ್ತಿನಲ್ಲಿ ನನ್ನ ಮುಖ ಅವರಿಗೆ ಮಾಡಿದ ಅವಮಾನ. ನನಗೆ ಅಳು ಬಂತು. ಅತ್ತೆ ಸಮಾಧಾನ ಮಾಡುವವರಲ್ಲ. ಅಡುಗೆಮನೆಗೆ ಹೋಗಿ ಕಾಫಿ ಮಾಡಿ ತಂದಿಟ್ಟು, "ಇನ್ಮೇಲೆ ಒಲೆ ಹತ್ರ ನೀನೊಬ್ಳೇ ನಿಲ್ಬೇಡ" ಅಂದರು.

ಮಾತ್ರೆ ಶುರುವಾಯಿತು. ತೂಕಡಿಕೆ, ಸಿಡುಕು, ಬೋರ್ಡಿನ ಮೇಲೆ ಬರೆಯುವಾಗ ಅಕ್ಷರ ತಪ್ಪುವುದು. ಶಾಲೆಯಲ್ಲಿ ಹೇಳಬೇಕೋ ಬೇಡವೋ ಎಂದು ಒದ್ದಾಡಿ ಕೊನೆಗೆ ಹೆಡ್‌ಮಿಸ್ಟ್ರೆಸ್‌ಗೆ ಹೇಳಿದೆ. ಅವರು ಕೆಲಸದಿಂದ ತೆಗೆಯಲಿಲ್ಲ. ಆದರೆ ಸ್ಟಾಫ್ ರೂಮಿನಲ್ಲಿ ನಾನು ಸ್ವಲ್ಪ ಸುಮ್ಮನೆ ಕೂತರೂ ಎಲ್ಲರ ಕಣ್ಣು ನನ್ನ ಬಾಯಿಯ ಮೇಲೆ ಇರುತ್ತಿತ್ತು.

ಒಂದು ವಿಷಯ ಮಾತ್ರ ಮನಸ್ಸು ಬಿಡಲಿಲ್ಲ. ಆ ಮನೆಯಲ್ಲಿ ಒಬ್ಬಳೇ ಇದ್ದ ಹುಡುಗಿ ಎಲ್ಲಿ ಹೋದಳು? ಡಾಕ್ಟರ್ ಹೇಳಿದ್ದನ್ನೆಲ್ಲ ಒಪ್ಪಿದ ಮೇಲೂ ರಬ್ಬರ್ ವಾಸನೆ ಬಂದಾಗಲೆಲ್ಲ ಅವಳ ಚಿಂತೆ. ಕೊನೆಗೆ ಗಂಡನಿಗೆ ಹೇಳಿದೆ. ಅವರು ಮನೆಯೊಡತಿಗೆ ಫೋನ್ ಮಾಡಿ ಆ ಹುಡುಗಿಯ ನಂಬರ್ ಕೇಳಿ ಪಡೆದು, ಅವಳಿಗೆ ಕರೆ ಮಾಡಿ, ನನಗೂ ಕೇಳಿಸಲೆಂದು ಸ್ಪೀಕರ್ ಹಾಕಿದರು.

"ಅಮೃತಹಳ್ಳಿ ಮನೆ ನೋಡ್ತಿದೀವಿ. ನೀವಿದ್ರಂತಲ್ಲ, ಹೇಗಿದೆ ಅಂತ ಕೇಳೋಣ ಅಂತ."

"ಮನೆ ಸೂಪರ್ ಸರ್, ಓನರ್ ಆಂಟೀನೂ ಒಳ್ಳೇವ್ರು. ಕಿಚನ್ ಒಂಚೂರು ಡಾರ್ಕು. ನಾನು ಮದ್ವೆಯಾಗಿ ಹೊಸೂರಿಗೆ ಬಂದ್ಬಿಟ್ಟೆ, ಇಲ್ದಿದ್ರೆ ಖಾಲಿ ಮಾಡ್ತಾನೇ ಇರ್ಲಿಲ್ಲ."

ಹಿಂದೆ ಯಾರೋ ನಗುತ್ತಿದ್ದರು, ಮಿಕ್ಸಿ ಓಡುತ್ತಿತ್ತು. ಅವಳ ದನಿ ನನಗೆ ಸ್ವಲ್ಪವೂ ಪರಿಚಿತವೆನಿಸಲಿಲ್ಲ. ಆ ರಾತ್ರಿ ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ಆ ಮನೆಯನ್ನು ನಾವು ತೆಗೆದುಕೊಳ್ಳಲಿಲ್ಲ. ಯಲಹಂಕ ಉಪನಗರದಲ್ಲಿ, ಶಾಲೆಗೆ ನಡೆದು ಹೋಗುವಷ್ಟು ದೂರದಲ್ಲಿ ಒಂದು ಸಿಕ್ಕಿತು. ಮಾತ್ರೆಯ ಪ್ರಮಾಣ ಏರಿಸಿದ ಮೇಲೆ ಅದು ಬರುವುದು ವಾರಕ್ಕೊಮ್ಮೆಯಾಗಿ, ತಿಂಗಳಿಗೊಮ್ಮೆಯಾಗಿ, ನಿಂತೇ ಹೋದಂತಾಯಿತು. ನಿಂತ ಮೇಲೆ ಬೇರೆ ಥರದ ಆತಂಕ. ಯಾವಾಗ ಬರುತ್ತದೋ ಎಂದು ಕಾಯುವುದು. ಎಲ್ಲೋ ಹಾಲು ಉಕ್ಕಿದ ವಾಸನೆ ಬಂದರೂ ಗೋಡೆ ಹಿಡಿದು ನಿಲ್ಲುವುದು. ಹೊಸ ಜಾಗವೊಂದು ಪರಿಚಿತ ಅನ್ನಿಸಿದರೆ, ನಿಜವಾಗಿ ಬಂದಿದ್ದೆನೋ ಇಲ್ಲವೋ ಎಂದು ಗಂಡನನ್ನು ಕೇಳಿ ಖಚಿತ ಮಾಡಿಕೊಳ್ಳುವುದು. ಈಗಲೂ ಹಾಗೆಯೇ.

ಕಳೆದ ಬೇಸಿಗೆಯಲ್ಲಿ ಅತ್ತೆಯ ತಂಗಿಯ ಮನೆಗೆಂದು ನಾವಿಬ್ಬರೂ ಆರ್.ಟಿ. ನಗರಕ್ಕೆ ಹೊರಟಿದ್ದೆವು. ಹೆಬ್ಬಾಳದ ಫ್ಲೈಓವರ್ ಕೆಳಗೆ ಬಸ್ಸಿಗೆ ಕಾಯುತ್ತಿದ್ದಾಗ, ಗದ್ದಲ, ಹೊಗೆ, ಬಿಸಿಲಿನ ಮಧ್ಯೆ, ಹೊಟ್ಟೆಯೊಳಗೆ ಅದು ಎದ್ದಿತು. ಹಿಂದಿನ ದಿನ ಮಾತ್ರೆ ತಪ್ಪಿತ್ತು. "ಅತ್ತೆ" ಎಂದೆ. ಅಷ್ಟೇ ಸಾಧ್ಯವಾದದ್ದು.

ಮರಳಿ ಬರುವಾಗ ಮೊದಲು ಕೇಳಿಸಿದ್ದು ಅವರ ದನಿ. ನನ್ನ ತೋಳನ್ನು ಭದ್ರವಾಗಿ ಹಿಡಿದುಕೊಂಡು, ಸುತ್ತ ಸೇರಿದ್ದವರಿಗೆ ಹೇಳುತ್ತಿದ್ದರು: "ಏನೂ ಇಲ್ಲ ಕಣ್ರೀ. ಗಾಳಿ ಬಿಡಿ. ಕೀ ಗೀ ಏನೂ ಬೇಡಪ್ಪ, ಇಟ್ಕೋ ನೀನೇ. ಒಂದ್ ನಿಮಿಷ, ಬರ್ತಾಳೆ ಈಗ."

ಜನ ಚದುರಿದರು. ಅತ್ತೆ ಸೆರಗಿನಿಂದ ನನ್ನ ಬಾಯಿ ಒರೆಸಿ, ನೀರು ಕುಡಿಸಿ, ಬಗ್ಗಿ ಮುಖ ನೋಡಿದರು.

"ಅದೇ ಅಡುಗೆಮನೇನಾ?"

ತಲೆಯಾಡಿಸಿದೆ.

"ಯಾರಾದ್ರೂ ಇದ್ರಾ?"

ಯಾರನ್ನೂ ಕಾಣಲಿಲ್ಲ ಎಂದೆ. "ಸದ್ಯ" ಅಂದರು ಅವರು. ಬಸ್ಸು ಬಂತು. ಇವತ್ತು ವಾಪಸ್ ಮನೆಗೆ ಹೋಗೋಣ ಎಂದು ನಾನು ಅಂದರೆ ಕೇಳಲಿಲ್ಲ. ಕೈ ಬಿಡದೆ ಎಳೆದುಕೊಂಡೇ ಹತ್ತಿ, ಕಿಟಕಿ ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿಯನ್ನು ಎಬ್ಬಿಸಿ ನನ್ನನ್ನು ಕೂರಿಸಿದರು.